ಬುಕ್‌ಮಾರ್ಕ್ ಕಾಣುತ್ತಿಲ್ಲವೇ? ಮೊದಲು ಯಾವ ಖಾತೆಯಲ್ಲಿದ್ದೀರಿ ನೋಡಿ

ನಿನ್ನೆಯವರೆಗೆ ಸರಿಯಿದ್ದ ಬ್ರೌಸರ್ ಇವತ್ತು ಹೊಸದಾಗಿ ಇನ್‌ಸ್ಟಾಲ್ ಮಾಡಿದ ಹಾಗೆ ತೆರೆದುಕೊಳ್ಳುತ್ತದೆ. ಬುಕ್‌ಮಾರ್ಕ್ ಪಟ್ಟಿ ಖಾಲಿ, ಉಳಿಸಿಟ್ಟ ಪಾಸ್‌ವರ್ಡ್ ಒಂದೂ ಇಲ್ಲ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದ ಫೈಲುಗಳೂ ನಾಪತ್ತೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಬ್ರೌಸರನ್ನು ತೆಗೆದು ಮತ್ತೆ ಹಾಕುತ್ತಾರೆ, ಆಮೇಲೆ ಫೈಲ್ ರಿಕವರಿ ತಂತ್ರಾಂಶ ಹುಡುಕುತ್ತಾರೆ. ಎರಡೂ ಬೇಡ. ಕ್ರೋಮ್ ತೆಗೆಯುವಾಗ ಬರುವ ‘ಬ್ರೌಸಿಂಗ್ ಡೇಟಾವನ್ನೂ ಅಳಿಸು’ ಎಂಬ ಚೌಕಕ್ಕೆ ಅಪ್ಪಿತಪ್ಪಿ ಗುರುತು ಹಾಕಿದರೆ ಉಳಿದಿದ್ದದ್ದೂ ಹೋಗುತ್ತದೆ. ಇಂಥ ದೂರುಗಳಲ್ಲಿ ಫೈಲ್ ನಿಜವಾಗಿ ಅಳಿಸಿಹೋಗಿರುವುದು ಕಡಿಮೆ. ಅದು ಇದ್ದಲ್ಲೇ ಇರುತ್ತದೆ, ನೋಡುವವರು ಬೇರೆ ವಿಂಡೋಸ್ ಖಾತೆಯಿಂದ ನೋಡುತ್ತಿರುತ್ತಾರೆ.

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ತಮ್ಮ ಪ್ರೋಗ್ರಾಂ ಇರುವ ಜಾಗದಲ್ಲಿ ನಿಮ್ಮ ಡೇಟಾ ಇಡುವುದಿಲ್ಲ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನೊಳಗೆ, ಲಾಗಿನ್ ಆದವರ ಹೆಸರಿನಲ್ಲಿ ಒಂದು ಫೋಲ್ಡರ್ ಇರುತ್ತದಲ್ಲ, ಅದರೊಳಗಿನ ಅಡಗಿದ ಆ್ಯಪ್‌ಡೇಟಾದಲ್ಲಿ ಇಡುತ್ತವೆ. ಲಾಗಿನ್ ಬದಲಾಯಿತೆಂದರೆ ಬ್ರೌಸರ್ ನೋಡುವ ಫೋಲ್ಡರೂ ಬದಲಾಯಿತು. ಅಡ್ಮಿನಿಸ್ಟ್ರೇಟರ್ (ಕಂಪ್ಯೂಟರಿನ ಪೂರ್ತಿ ಹಕ್ಕಿರುವ ಖಾತೆ) ಲಾಗಿನ್‌ನ ತಕರಾರು ಮತ್ತು ಬ್ರೌಸರ್ ಫೈಲ್ ಕಾಣದ ತಕರಾರು ಜೋಡಿಯಾಗಿ ಬರುವುದು ಇದರಿಂದಲೇ.

ಮುಂದಿನದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ಫೋಲ್ಡರ್ ಹೆಸರು, ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ.

ನೀವು ಯಾರಾಗಿ ಒಳಗೆ ಬಂದಿದ್ದೀರಿ?

ಕಮಾಂಡ್ ಪ್ರಾಂಪ್ಟ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯಿರಿ, ಸಾಮಾನ್ಯವಾಗಿಯೇ. ಅಡ್ಮಿನಿಸ್ಟ್ರೇಟರ್ ಆಗಿ ಬೇಡ. ‘ಹೂ’, ‘ಆ್ಯಮ್’, ‘ಐ’ ಎಂಬ ಮೂರು ಪದಗಳನ್ನು ಜಾಗ ಬಿಡದೆ ಸೇರಿಸಿ ಟೈಪ್ ಮಾಡಿ ಎಂಟರ್ ಒತ್ತಿ. ಕಂಪ್ಯೂಟರಿನ ಹೆಸರು, ಹಿಂದೋರೆಗೆರೆ (\), ಖಾತೆಯ ಹೆಸರು ಬರುತ್ತದೆ. ಮುಂದಿನ ಸಾಲಿನಲ್ಲಿ ‘ಎಕೋ %ಯೂಸರ್‌ಪ್ರೊಫೈಲ್%’ ಎಂದು ಕೊಡಿ. ಈ ಖಾತೆ ಸದ್ಯ ಯಾವ ಫೋಲ್ಡರನ್ನು ಬಳಸುತ್ತಿದೆ ಎಂದು ಅದು ತೋರಿಸುತ್ತದೆ.

ಫೋಲ್ಡರ್ ನೀವು ಎಂದಿನಿಂದ ಬಳಸುತ್ತಿದ್ದದ್ದೇ ಆಗಿದ್ದರೆ ತೊಂದರೆ ಬ್ರೌಸರಿನ ಒಳಗಿದೆ. ಕೊನೆಯಲ್ಲಿ ‘ಟೆಂಪ್’ ಎಂದಿದ್ದರೆ ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಪ್ರೊಫೈಲಿನಲ್ಲಿ ಕೂರಿಸಿದೆ. ಕೂಡಲೇ ಕೆಲಸ ನಿಲ್ಲಿಸಿ, ಹೊರಬರುವ ದಾರಿ ಮುಂದಿದೆ. ಹೆಸರಿನ ಕೊನೆಗೆ ಚುಕ್ಕಿ ಹಾಕಿ ಕಂಪ್ಯೂಟರಿನ ಹೆಸರೋ 000 ಎಂಬ ಅಂಕಿಯೋ ಸೇರಿಕೊಂಡಿದ್ದರೆ, ಅದೇ ಹೆಸರಿನ ಹಳೆಯ ಫೋಲ್ಡರ್ ಆಗಲೇ ಇದ್ದುದರಿಂದ ವಿಂಡೋಸ್ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದೆ. ನಿಮ್ಮ ಬುಕ್‌ಮಾರ್ಕ್ ಆ ಹಳೆಯದರಲ್ಲಿ ಇರುತ್ತದೆ. ಇನ್ನು ‘ಅಡ್ಮಿನಿಸ್ಟ್ರೇಟರ್’ ಎಂದೋ ಮನೆಯ ಬೇರೊಬ್ಬರ ಹೆಸರೋ ಕಂಡರೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ: ಸೈನ್ ಔಟ್ ಆಗಿ ನಿಮ್ಮ ಖಾತೆಗೆ ಬನ್ನಿ.

ಇನ್ನೊಂದು ಬಗೆಯಿದೆ, ಅದು ಸುಲಭಕ್ಕೆ ಹೊಳೆಯುವುದಿಲ್ಲ. ನೀವು ಸಾಮಾನ್ಯ ಖಾತೆಯಲ್ಲಿ ಇರುತ್ತೀರಿ. ಬ್ರೌಸರ್ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿದರೆ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟ ಕ್ಷಣದಿಂದ ಆ ಬ್ರೌಸರ್ ನಿಮ್ಮದಲ್ಲ, ಆ ಅಡ್ಮಿನ್ ಖಾತೆಯದು. ಪರದೆಯ ಮೇಲೆ ನಿಮ್ಮದೇ ಡೆಸ್ಕ್‌ಟಾಪ್, ಆದರೆ ಆ ಕಿಟಕಿಯಲ್ಲಿ ಉಳಿಸಿದ ಬುಕ್‌ಮಾರ್ಕ್, ಇಳಿಸಿಕೊಂಡ ಫೈಲ್ ಎಲ್ಲ ಅಡ್ಮಿನ್ ಖಾತೆಯ ಫೋಲ್ಡರಿಗೆ ಹೋಗುತ್ತವೆ. ಇನ್‌ಸ್ಟಾಲರ್ ಓಡಿಸಿ, ಅದು ಮುಗಿದ ಮೇಲೆ ತಾನಾಗಿಯೇ ತೆರೆದ ಬ್ರೌಸರ್ ಕಿಟಕಿಯಲ್ಲೂ ಕೆಲವೊಮ್ಮೆ ಇದೇ ಆಗುತ್ತದೆ. ನಿಮ್ಮ ಖಾತೆಯೇ ಅಡ್ಮಿನ್ ಗುಂಪಿನಲ್ಲಿದ್ದರೆ ಹೀಗಾಗದು. ಆಗ ‘ಯೆಸ್’ ಒತ್ತುವುದಷ್ಟೇ, ಹೆಸರು ಬದಲಾಗುವುದಿಲ್ಲ. ಏನೇ ಇರಲಿ, ಬ್ರೌಸರನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕಾದ ಸಂದರ್ಭ ಮನೆಯ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಹಾಗೆ ಓಡಿಸಿದ ಕಿಟಕಿಗೆ ಫೈಲ್ ಎಕ್ಸ್‌ಪ್ಲೋರರಿನಿಂದ ಫೈಲನ್ನು ಎಳೆದು ಬಿಡಲೂ ಆಗುವುದಿಲ್ಲ, ಜೋಡಿಸಿಕೊಂಡ ನೆಟ್‌ವರ್ಕ್ ಡ್ರೈವ್ ಕೂಡ ಅದಕ್ಕೆ ಕಾಣುವುದಿಲ್ಲ.

ಬ್ರೌಸರ್ ಯಾವ ಪ್ರೊಫೈಲ್ ತೆರೆದಿದೆ?

ಖಾತೆ ಸರಿಯಿದ್ದರೆ ಇಲ್ಲಿಂದ ಮುಂದೆ. ಕ್ರೋಮ್‌ನ ಅಡ್ರೆಸ್ ಬಾರಿನಲ್ಲಿ ‘ಕ್ರೋಮ್://ವರ್ಶನ್’, ಎಡ್ಜ್‌ನಲ್ಲಿ ‘ಎಡ್ಜ್://ವರ್ಶನ್’ ಎಂದು ಕೊಟ್ಟು ‘ಪ್ರೊಫೈಲ್ ಪಾತ್’ ಎಂಬ ಸಾಲು ಓದಿ. ಕ್ರೋಮ್‌ನದು ಸಾಮಾನ್ಯವಾಗಿ ಆ್ಯಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡೀಫಾಲ್ಟ್ ಎಂದು ಕೊನೆಯಾಗುತ್ತದೆ. ಎಡ್ಜ್‌ನಲ್ಲಿ ಗೂಗಲ್, ಕ್ರೋಮ್ ಇದ್ದ ಕಡೆ ಮೈಕ್ರೋಸಾಫ್ಟ್, ಎಡ್ಜ್. ಡೀಫಾಲ್ಟ್ ಬದಲು ‘ಪ್ರೊಫೈಲ್ 1’, ‘ಪ್ರೊಫೈಲ್ 2’ ಎಂದಿದ್ದರೆ, ನೀವು ಬ್ರೌಸರಿನ ಒಳಗಿನ ಇನ್ನೊಂದು ಪ್ರೊಫೈಲಿನಲ್ಲಿದ್ದೀರಿ. ಟಾಸ್ಕ್‌ಬಾರಿಗೆ ಪಿನ್ ಮಾಡಿದ ಶಾರ್ಟ್‌ಕಟ್ ಒಂದೇ ಪ್ರೊಫೈಲಿಗೆ ಅಂಟಿಕೊಂಡಿರುವುದು ಇದಕ್ಕೆ ಸಾಮಾನ್ಯ ಕಾರಣ. ಕ್ರೋಮ್‌ನಲ್ಲಿ ಬಲಮೇಲಿನ, ಎಡ್ಜ್‌ನಲ್ಲಿ ಎಡಮೇಲಿನ ಮೂಲೆಯ ದುಂಡು ಚಿತ್ರ ಒತ್ತಿದರೆ ಪ್ರೊಫೈಲುಗಳ ಪಟ್ಟಿ ಬರುತ್ತದೆ.

ಆ ಪಟ್ಟಿಯಲ್ಲಿ ನಿಮ್ಮದು ಇಲ್ಲ, ಆದರೆ ಯೂಸರ್ ಡೇಟಾದೊಳಗೆ ಫೋಲ್ಡರ್ ಇದೆ ಎನ್ನುವ ಸ್ಥಿತಿಯೂ ಬರುತ್ತದೆ. ಪ್ರೊಫೈಲುಗಳ ಪಟ್ಟಿಯನ್ನು ಕ್ರೋಮ್ ‘ಲೋಕಲ್ ಸ್ಟೇಟ್’ ಎಂಬ ಒಂದೇ ಫೈಲಿನಲ್ಲಿ ಇಡುತ್ತದೆ. ಕರೆಂಟ್ ಹೋಗಿಯೋ ಡಿಸ್ಕ್ ತುಂಬಿಯೋ ಅದು ಕೆಟ್ಟರೆ ಹೀಗಾಗುತ್ತದೆ. ಆಗ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲಿನ ತುದಿಯಲ್ಲಿ ಒಂದು ಜಾಗ ಬಿಟ್ಟು ‘--ಪ್ರೊಫೈಲ್-ಡೈರೆಕ್ಟರಿ="ಪ್ರೊಫೈಲ್ 1"’ ಎಂದು ಸೇರಿಸಿ, ಅದರಿಂದ ತೆರೆಯಿರಿ. ‘ಲೋಕಲ್ ಸ್ಟೇಟ್’ ಫೈಲನ್ನು ಮಾತ್ರ ಅಳಿಸಬೇಡಿ. ಉಳಿಸಿದ ಪಾಸ್‌ವರ್ಡುಗಳನ್ನು ಬಿಚ್ಚುವ ಕೀಲಿ ಅದರೊಳಗೇ ಇದೆ.

ಫೈರ್‌ಫಾಕ್ಸ್‌ನ ವ್ಯವಸ್ಥೆ ಬೇರೆ. ಅದರ ಪ್ರೊಫೈಲ್ ಆ್ಯಪ್‌ಡೇಟಾದ ‘ರೋಮಿಂಗ್’ ಕಡೆ ಮೊಝಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್ ಎಂಬಲ್ಲಿರುತ್ತದೆ. ಲೋಕಲ್ ಕಡೆ ಇರುವ ಅದೇ ಹೆಸರಿನ ಫೋಲ್ಡರಿನಲ್ಲಿ ಬರೀ ಕ್ಯಾಶ್, ಅಂದರೆ ಪುಟಗಳ ತಾತ್ಕಾಲಿಕ ಪ್ರತಿಗಳು. ಲೋಕಲ್‌ನದನ್ನು ಬ್ಯಾಕಪ್ ಮಾಡಿ ನೆಮ್ಮದಿಯಾಗಿರುವವರು ಬಹಳ ಮಂದಿ. 2019ರಲ್ಲಿ ಬಂದ 67ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಪ್ರತಿಯೊಂದು ಇನ್‌ಸ್ಟಾಲೇಶನ್‌ಗೂ ಪ್ರತ್ಯೇಕ ಪ್ರೊಫೈಲ್ ಇಟ್ಟುಕೊಳ್ಳುತ್ತದೆ. ಹಾಗಾಗಿ ಬೇರೆ ಫೋಲ್ಡರಿಗೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಎಲ್ಲ ಖಾಲಿಯಾಗಿ ಕಾಣುತ್ತದೆ. ‘ಅಬೌಟ್:ಪ್ರೊಫೈಲ್ಸ್’ ತೆರೆದರೆ ಎಲ್ಲವೂ ಸಾಲಾಗಿ ಕಾಣುತ್ತವೆ. ಅನುಮಾನವಿರುವ ಪ್ರೊಫೈಲನ್ನು ಹೊಸ ಕಿಟಕಿಯಲ್ಲಿ ತೆರೆದು ನೋಡಿ, ಸರಿಯಿದ್ದರೆ ಅದನ್ನೇ ಡೀಫಾಲ್ಟ್ ಮಾಡಿ. ‘ರಿಫ್ರೆಶ್ ಫೈರ್‌ಫಾಕ್ಸ್’ ಒತ್ತಿದ್ದರೆ ಹಳೆಯದೆಲ್ಲ ಡೆಸ್ಕ್‌ಟಾಪಿನಲ್ಲಿ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಎಂಬ ಫೋಲ್ಡರಿನಲ್ಲಿ ಕುಳಿತಿರುತ್ತದೆ.

ತಾತ್ಕಾಲಿಕ ಪ್ರೊಫೈಲಿನಿಂದ ಹೊರಬರುವುದು

ಲಾಗಿನ್ ಆಗುವಾಗ ವಿಂಡೋಸ್ ನಿಮ್ಮ ಫೋಲ್ಡರಿನಲ್ಲಿರುವ ‘ಎನ್‌ಟಿಯೂಸರ್.ಡ್ಯಾಟ್’ ಎಂಬ ಫೈಲನ್ನು ತೆರೆಯಬೇಕು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ನಿಮ್ಮ ಭಾಗ ಅದರಲ್ಲಿರುತ್ತದೆ. ಆ ಗಳಿಗೆಯಲ್ಲಿ ಆಂಟಿವೈರಸ್ ಅದನ್ನು ಹಿಡಿದುಕೊಂಡಿದ್ದರೆ, ಡಿಸ್ಕ್‌ನಲ್ಲಿ ದೋಷವಿದ್ದರೆ, ಶಟ್‌ಡೌನ್ ಅರ್ಧದಲ್ಲಿ ಕರೆಂಟ್ ಹೋಗಿ ಫೈಲ್ ಕೆಟ್ಟಿದ್ದರೆ ವಿಂಡೋಸ್ ‘ಟೆಂಪ್’ ಎಂಬ ಖಾಲಿ ಫೋಲ್ಡರ್ ಕೊಟ್ಟು ಮುಂದೆ ಸಾಗುತ್ತದೆ. ಇವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 1511 ಮತ್ತು 1515 ಎಂಬ ಸಂಖ್ಯೆಗಳು ಕಂಡರೆ ಇದೇ ಎಂದು ಖಚಿತ. ಟೆಂಪ್‌ನಲ್ಲಿದ್ದಾಗ ಡೆಸ್ಕ್‌ಟಾಪಿನಲ್ಲಿ ಉಳಿಸಿದ್ದೆಲ್ಲ ಸೈನ್ ಔಟ್ ಆದ ಕೂಡಲೇ ಅಳಿಸಿಹೋಗುತ್ತದೆ. ಅಲ್ಲಿ ಏನಾದರೂ ಬರೆದಿದ್ದರೆ ಮೊದಲು ಪೆನ್‌ಡ್ರೈವಿಗೋ ಡಿ ಡ್ರೈವಿಗೋ ಹಾಕಿಕೊಳ್ಳಿ.

ಮೊದಲ ಮದ್ದು ರೀಸ್ಟಾರ್ಟ್. ಶಟ್‌ಡೌನ್ ಸಾಲದು, ರೀಸ್ಟಾರ್ಟೇ ಆಗಬೇಕು. ಆಂಟಿವೈರಸ್ ಹಿಡಿದುಕೊಂಡಿದ್ದ ಸಂದರ್ಭ ಇಷ್ಟಕ್ಕೇ ಸರಿಹೋಗುತ್ತದೆ. ಎರಡು ಸಲ ರೀಸ್ಟಾರ್ಟ್ ಮಾಡಿಯೂ ಟೆಂಪ್‌ಗೇ ಬಂದರೆ ರಿಜಿಸ್ಟ್ರಿಗೆ ಇಳಿಯಬೇಕು. ತಾತ್ಕಾಲಿಕ ಪ್ರೊಫೈಲಿನಲ್ಲಿದ್ದರೂ ನಿಮ್ಮ ಖಾತೆಯ ಅಡ್ಮಿನ್ ಹಕ್ಕು ಹೋಗಿರುವುದಿಲ್ಲ, ಹಾಗಾಗಿ ರಿಜಿಸ್ಟ್ರಿ ತಿದ್ದುವ ರೆಜೆಡಿಟ್ ತೆರೆಯುತ್ತದೆ. ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಶನ್, ಪ್ರೊಫೈಲ್‌ಲಿಸ್ಟ್ ಎಂಬ ದಾರಿಯಲ್ಲಿ ಹೋಗಿ. ‘ಪ್ರೊಫೈಲ್‌ಲಿಸ್ಟ್’ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳದೆ ಮುಂದೆ ಕೈ ಹಾಕಬೇಡಿ.

ಒಳಗೆ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಕೀಗಳಿವೆ. ಒಂದೊಂದರಲ್ಲೂ ‘ಪ್ರೊಫೈಲ್‌ಇಮೇಜ್‌ಪಾತ್’ ನೋಡಿದರೆ ಯಾವುದು ಯಾರದೆಂದು ತಿಳಿಯುತ್ತದೆ. ಟೆಂಪ್ ಕಾಟವಿದ್ದಾಗ ಒಂದೇ ಸಂಖ್ಯೆ ಎರಡು ಸಲ ಇರುತ್ತದೆ: ಒಂದರ ಕೊನೆಗೆ ‘.ಬ್ಯಾಕ್’, ಇನ್ನೊಂದಕ್ಕೆ ಏನೂ ಇಲ್ಲ. ‘.ಬ್ಯಾಕ್’ ಇರುವುದೇ ನಿಮ್ಮ ಅಸಲಿ ಪ್ರೊಫೈಲ್. ಬರಿದಾಗಿರುವ ಕೀಗೆ ಕೊನೆಯಲ್ಲಿ ‘.ಓಲ್ಡ್’ ಸೇರಿಸಿ, ಆಮೇಲೆ ಅಸಲಿಯ ‘.ಬ್ಯಾಕ್’ ತೆಗೆಯಿರಿ. ಕ್ರಮ ಹಿಂದುಮುಂದಾದರೆ ಹೆಸರು ಆಗಲೇ ಇದೆ ಎಂದು ರೆಜೆಡಿಟ್ ತಕರಾರು ಮಾಡುತ್ತದೆ. ಅಸಲಿ ಕೀಯಲ್ಲಿ ‘ಸ್ಟೇಟ್’ ಬೆಲೆಯನ್ನು 0 ಮಾಡಿ. ‘ರೆಫ್‌ಕೌಂಟ್’ ಇದ್ದರೆ ಅದನ್ನೂ 0 ಮಾಡಿ, ಇಲ್ಲದಿದ್ದರೆ ಹೊಸದಾಗಿ ಸೃಷ್ಟಿಸಬೇಕಿಲ್ಲ. ರೀಸ್ಟಾರ್ಟ್ ಮಾಡಿ. ಮತ್ತೆಯೂ ಟೆಂಪ್ ಬಂದರೆ ‘ಎನ್‌ಟಿಯೂಸರ್.ಡ್ಯಾಟ್’ ಕೆಟ್ಟಿದೆ ಎಂದರ್ಥ. ಹೊಸ ಖಾತೆ ಮಾಡಿಕೊಂಡು ಫೈಲುಗಳನ್ನು ಅಲ್ಲಿಗೆ ಸಾಗಿಸುವುದೇ ದಾರಿ.

ಹಳೆಯ ಫೋಲ್ಡರಿನಿಂದ ತರುವುದು

ಬೇರೆ ಖಾತೆಯ ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ಅನುಮತಿ ಇಲ್ಲ, ಕಂಟಿನ್ಯೂ ಒತ್ತಿ’ ಎನ್ನುತ್ತದೆ. ಒತ್ತಿದರೆ ಆ ಫೋಲ್ಡರಿನ ಅನುಮತಿಪಟ್ಟಿಗೆ ನಿಮ್ಮ ಹೆಸರು ಶಾಶ್ವತವಾಗಿ ಸೇರುತ್ತದೆ. ಮನೆಯ ಇನ್ನೊಬ್ಬರ ಖಾಸಗಿ ಫೋಲ್ಡರ್ ಆಮೇಲೆ ಎಂದಿಗೂ ನಿಮಗೆ ತೆರೆದೇ ಇರುತ್ತದೆ. ನಕಲು ಮಾತ್ರ ಬೇಕಿದ್ದರೆ ಅನುಮತಿ ಮುಟ್ಟದ ದಾರಿಯೇ ಮೇಲು: ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ನಕಲು ಮಾಡುವ ಆಜ್ಞೆಯಾದ ರೋಬೊಕಾಪಿ, ಮೂಲ ಫೋಲ್ಡರ್, ಗುರಿ ಫೋಲ್ಡರ್, ಕೊನೆಗೆ ‘/ಇ /ಬಿ /ಎಕ್ಸ್‌ಜೆ /ಆರ್:1 /ಡಬ್ಲ್ಯು:1’. ಎರಡೂ ಫೋಲ್ಡರ್ ದಾರಿಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ‘/ಬಿ’ ಎಂದರೆ ಬ್ಯಾಕಪ್ ಹಕ್ಕಿನಿಂದ ಓದುವುದು. ‘/ಎಕ್ಸ್‌ಜೆ’ ಬಿಟ್ಟರೆ ಆ್ಯಪ್‌ಡೇಟಾದಲ್ಲಿ ತಮ್ಮನ್ನೇ ತೋರಿಸಿಕೊಳ್ಳುವ ಕೊಂಡಿಗಳಿರುವುದರಿಂದ ನಕಲು ಸುತ್ತಿಕೊಂಡು ಮುಗಿಯುವುದೇ ಇಲ್ಲ. ಕೊನೆಯ ಎರಡನ್ನು ಕೊಡದಿದ್ದರೆ, ತೆರೆಯಲಾಗದ ಒಂದೊಂದು ಫೈಲಿಗೂ ಅದು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ತಮಾಷೆಯಲ್ಲ, ಅದರ ಡೀಫಾಲ್ಟ್ ಇರುವುದೇ ಹಾಗೆ.

ಕ್ರೋಮ್, ಎಡ್ಜ್‌ಗಳಲ್ಲಿ ಬುಕ್‌ಮಾರ್ಕ್ ಎಂದರೆ ಪ್ರೊಫೈಲ್ ಫೋಲ್ಡರಿನಲ್ಲಿರುವ, ಎಕ್ಸ್‌ಟೆನ್ಶನ್ ಇಲ್ಲದ ‘ಬುಕ್‌ಮಾರ್ಕ್ಸ್’ ಎಂಬ ಫೈಲ್. ಪಕ್ಕದಲ್ಲೇ ‘ಬುಕ್‌ಮಾರ್ಕ್ಸ್.ಬ್ಯಾಕ್’ ಎಂಬ ಹಿಂದಿನ ಪ್ರತಿಯಿರುತ್ತದೆ. ಗಾತ್ರ ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ: ಖಾಲಿ ಪಟ್ಟಿ ಒಂದೆರಡು ಕಿಲೋಬೈಟ್ ದಾಟುವುದಿಲ್ಲ, ನೂರಾರು ಬುಕ್‌ಮಾರ್ಕ್ ಇದ್ದರೆ ಹತ್ತಾರು ಕಿಲೋಬೈಟ್ ಇರಲೇಬೇಕು. ಬ್ರೌಸರನ್ನು ತೆರೆದು ಪಟ್ಟಿ ಬದಲಿಸಿದಾಗಲೆಲ್ಲ ‘.ಬ್ಯಾಕ್’ ಮೇಲೆ ಹೊಸದು ಬರೆಯಬಹುದು. ಹಾಗಾಗಿ ಪಟ್ಟಿ ಖಾಲಿ ಕಂಡೊಡನೆ ಬ್ರೌಸರ್ ಮುಚ್ಚಿ, ಎರಡನ್ನೂ ಬೇರೆಡೆಗೆ ನಕಲಿಸಿಟ್ಟುಕೊಳ್ಳಿ; ಪರೀಕ್ಷೆ ಆಮೇಲೆ. ಮುಚ್ಚುವುದೆಂದರೆ ಕಿಟಕಿ ಮುಚ್ಚಿದರೆ ಸಾಲದು, ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಒಂದೂ ಉಳಿದಿಲ್ಲವೆಂದು ನೋಡಿ. ಸಿಂಕ್ ಕೂಡ ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ ಸರ್ವರಿನ ಪಟ್ಟಿಯೊಂದಿಗೆ ಬೆರೆತು ಎಲ್ಲವೂ ಎರಡೆರಡಾಗುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಬುಕ್‌ಮಾರ್ಕ್ ಮತ್ತು ಹಿಸ್ಟರಿ ಎರಡೂ ‘ಪ್ಲೇಸಸ್.ಎಸ್‌ಕ್ಯೂಲೈಟ್’ ಎಂಬ ಒಂದೇ ಫೈಲಿನಲ್ಲಿವೆ. ಜೊತೆಗೆ ‘ಬುಕ್‌ಮಾರ್ಕ್‌ಬ್ಯಾಕಪ್ಸ್’ ಎಂಬ ಫೋಲ್ಡರಿನಲ್ಲಿ 15ರವರೆಗೆ ಹಳೆಯ ಪ್ರತಿಗಳು ತಾವಾಗಿಯೇ ಉಳಿದಿರುತ್ತವೆ. ಬುಕ್‌ಮಾರ್ಕ್ ನಿರ್ವಹಣೆಯ ಕಿಟಕಿಯಲ್ಲಿ ‘ರಿಸ್ಟೋರ್’ ಒತ್ತಿದರೆ ತಾರೀಖಿನ ಪ್ರಕಾರ ಬರುತ್ತವೆ. ಈ ವಿಷಯದಲ್ಲಿ ಅದು ಉಳಿದೆರಡಕ್ಕಿಂತ ಎಷ್ಟೋ ಮೇಲು.

ಪಾಸ್‌ವರ್ಡುಗಳ ಮಾತು ಬೇರೆಯೇ, ನಿಜವಾದ ನಷ್ಟ ಆಗುವುದೂ ಇಲ್ಲೇ. ಕ್ರೋಮ್, ಎಡ್ಜ್ ಪಾಸ್‌ವರ್ಡುಗಳನ್ನು ‘ಲಾಗಿನ್ ಡೇಟಾ’ ಫೈಲಿನಲ್ಲಿ ಬೀಗ ಹಾಕಿ ಇಡುತ್ತವೆ. ಅದರ ಕೀಲಿ ‘ಲೋಕಲ್ ಸ್ಟೇಟ್’ನಲ್ಲಿದೆ, ಆ ಕೀಲಿಗೆ ಮತ್ತೊಂದು ಬೀಗವಿದೆ, ಅದನ್ನು ಬಿಚ್ಚುವುದು ನಿಮ್ಮ ವಿಂಡೋಸ್ ಖಾತೆಯೇ. ಲೋಕಲ್ ಖಾತೆಯಾದರೆ (ಮೈಕ್ರೋಸಾಫ್ಟ್ ಖಾತೆಗೆ ಜೋಡಿಸದೆ ಈ ಕಂಪ್ಯೂಟರಿನಲ್ಲಷ್ಟೇ ಇರುವುದು) ಅದು ನಿಮ್ಮ ಲಾಗಿನ್ ಪಾಸ್‌ವರ್ಡಿನಿಂದ ಹುಟ್ಟಿದ್ದು. ಆದ್ದರಿಂದ ಫೈಲ್ ನಕಲಿಸಿ ಹೊಸ ಖಾತೆಗೆ ಹಾಕಿದರೆ ಬುಕ್‌ಮಾರ್ಕ್ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ. ಹಳೆಯ ಖಾತೆಗೆ ಲಾಗಿನ್ ಆಗಿ, ಬ್ರೌಸರಿನ ಪಾಸ್‌ವರ್ಡ್ ಮ್ಯಾನೇಜರಿನಿಂದ ಎಕ್ಸ್‌ಪೋರ್ಟ್ ಮಾಡಿ ತರಬೇಕು. ಹೀಗೆ ಬಂದ ಫೈಲ್ ಯಾರು ಬೇಕಾದರೂ ಓದಬಹುದಾದ ಬರೀ ಅಕ್ಷರಗಳು, ಇಂಪೋರ್ಟ್ ಮುಗಿದೊಡನೆ ಅಳಿಸಿ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಲಾಗಿನ್ ಆಗಿರುವುದನ್ನು ನೆನಪಿಡುವ ಕುಕೀಗಳಂತೂ 2024ರ ಕ್ರೋಮ್ 127ರಿಂದ ಇನ್ನೂ ಬಿಗಿಯಾಗಿವೆ. ವೆಬ್‌ಸೈಟುಗಳಿಗೆ ಮತ್ತೆ ಲಾಗಿನ್ ಆಗಲೇಬೇಕು. ಫೈರ್‌ಫಾಕ್ಸ್‌ನಲ್ಲಿ ಈ ತೊಡಕಿಲ್ಲ. ‘ಲಾಗಿನ್ಸ್.ಜೇಸನ್’ ಮತ್ತು ‘ಕೀ4.ಡಿಬಿ’ ಎರಡನ್ನೂ ಜೋಡಿಯಾಗಿ ತಂದರೆ ಪಾಸ್‌ವರ್ಡ್ ಬಂದೇ ಬರುತ್ತದೆ. ಪ್ರೈಮರಿ ಪಾಸ್‌ವರ್ಡ್ ಇಟ್ಟಿದ್ದರೆ ಅದು ನೆನಪಿರಬೇಕು ಅಷ್ಟೇ.

ಇಲ್ಲಿಗೇ ಸೇರಿದ ಎಚ್ಚರಿಕೆಯೊಂದು: ಲೋಕಲ್ ಖಾತೆಯ ಪಾಸ್‌ವರ್ಡನ್ನು ಆ ಖಾತೆಯವರೇ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ, ಹಳೆಯದನ್ನು ಕೊಟ್ಟು ಬದಲಿಸಿದರೆ ಏನೂ ಆಗುವುದಿಲ್ಲ. ಅಡ್ಮಿನ್ ಖಾತೆಯಿಂದ ಹಳೆಯದನ್ನು ಕೊಡದೆ ರೀಸೆಟ್ ಮಾಡಿದರೆ ಒಳಗಿನ ಕೀಲಿ ಹಳೆಯ ಪಾಸ್‌ವರ್ಡಿಗೇ ಕಟ್ಟಿಕೊಂಡಿರುತ್ತದೆ, ಉಳಿಸಿದ ಪಾಸ್‌ವರ್ಡುಗಳು ಬಿಚ್ಚುವುದಿಲ್ಲ. ಲಾಗಿನ್ ಬೈಪಾಸ್ ಮಾಡಿಕೊಡುವ ಬೂಟ್ ಪೆನ್‌ಡ್ರೈವುಗಳು ಮಾಡುವುದೂ ಇದನ್ನೇ. ಆಗಲೇ ರೀಸೆಟ್ ಆಗಿಹೋಗಿದ್ದರೆ, ಹಳೆಯ ಪಾಸ್‌ವರ್ಡ್ ನೆನಪಾದಾಗ ಅದನ್ನೇ ಮತ್ತೆ ಇಟ್ಟು ಲಾಗಿನ್ ಆಗಿ ನೋಡಿ, ಹೆಚ್ಚಿನ ಸಲ ತೆರೆದುಕೊಳ್ಳುತ್ತದೆ.

ಅಡ್ಮಿನ್ ಲಾಗಿನ್ ಆಗದಿದ್ದಾಗ

ಪಾಸ್‌ವರ್ಡ್ ಸರಿಯಿದ್ದೂ ತಪ್ಪೆನ್ನುತ್ತಿದ್ದರೆ ಲಾಕ್ ಸ್ಕ್ರೀನಿನ ಕೆಳಬಲ ಮೂಲೆಯಲ್ಲಿ ಕೀಬೋರ್ಡ್ ಭಾಷೆ ನೋಡಿ. ಕನ್ನಡ ಕೀಬೋರ್ಡ್ ಹಾಕಿಕೊಂಡವರಿಗೆ ಇದು ಆಗಾಗ ಆಗುತ್ತದೆ. ಚುಕ್ಕಿಗಳಷ್ಟೇ ಕಾಣುವುದರಿಂದ ಗೊತ್ತಾಗುವುದಿಲ್ಲ. ಪಿನ್ ಕೆಲವು ಸಲ ತಪ್ಪಿದರೆ ‘ಎ1ಬಿ2ಸಿ3’ ಎಂದು ಟೈಪ್ ಮಾಡಿ ಎನ್ನುತ್ತದೆ. ಕೀಬೋರ್ಡ್ ಸರಿಯಾಗಿದೆಯೇ ಎಂಬ ಪರೀಕ್ಷೆ ಅದು, ಗಾಬರಿ ಬೇಡ. ವಿಂಡೋಸ್ 11ರ 22ಎಚ್2 ಮತ್ತು ಮುಂದಿನವನ್ನು ಹೊಸದಾಗಿ ಹಾಕಿದ್ದರೆ 10 ಸಲ ತಪ್ಪಿದ ಮೇಲೆ ಖಾತೆ 10 ನಿಮಿಷ ಮುಚ್ಚಿಕೊಳ್ಳುತ್ತದೆ. ಆಗ ಸುಮ್ಮನೆ ಕಾಯುವುದೇ ಕೆಲಸ. ಬೇರೆ ಲೋಕಲ್ ಖಾತೆಯ ಹೆಸರು ಕೊಡುವಾಗ ಹೆಸರಿಗಿಂತ ಮೊದಲು ಚುಕ್ಕಿ ಮತ್ತು ಹಿಂದೋರೆಗೆರೆ ಹಾಕಿ. ‘ಈ ಕಂಪ್ಯೂಟರಿನದೇ ಖಾತೆ’ ಎಂದು ಅದರಿಂದ ಗೊತ್ತಾಗುತ್ತದೆ.

ಅನುಮತಿ ಕೇಳುವ ಕಿಟಕಿಯಲ್ಲಿ ‘ಯೆಸ್’ ಬೂದುಬಣ್ಣಕ್ಕೆ ತಿರುಗಿ ಒತ್ತಲಾಗದಿದ್ದರೆ ಕಂಪ್ಯೂಟರಿನಲ್ಲಿ ಚಾಲ್ತಿಯಲ್ಲಿರುವ ಅಡ್ಮಿನ್ ಖಾತೆಯೇ ಉಳಿದಿಲ್ಲ ಎಂದರ್ಥ. ಇದ್ದ ಒಂದೇ ಅಡ್ಮಿನ್ ಖಾತೆಯನ್ನು ‘ಸ್ಟ್ಯಾಂಡರ್ಡ್’ ಮಾಡಿಟ್ಟರೆ ಹೀಗಾಗುತ್ತದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ 4 ಒತ್ತಿ ಸೇಫ್ ಮೋಡಿಗೆ ಬನ್ನಿ. ಬೇರೆ ಅಡ್ಮಿನ್ ಖಾತೆ ಚಾಲ್ತಿಯಲ್ಲಿ ಇಲ್ಲದಿರುವಾಗ ಅಲ್ಲಿ ವಿಂಡೋಸಿನ ಅಂತರ್ಗತ ‘ಅಡ್ಮಿನಿಸ್ಟ್ರೇಟರ್’ಗೆ ಲಾಗಿನ್ ಸಿಗುತ್ತದೆ, ಸಾಮಾನ್ಯವಾಗಿ ಪಾಸ್‌ವರ್ಡ್ ಇಲ್ಲದೆ. ‘ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್’, ನಿಮ್ಮ ಖಾತೆಯ ಹೆಸರು, ‘/ಆ್ಯಡ್’ ಎಂದು ಕೊಟ್ಟು ರೀಸ್ಟಾರ್ಟ್ ಮಾಡಿ. ದಾರಿಯಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ಕೀ ಕೇಳಬಹುದು. ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರುತ್ತದೆ, ಇನ್ನೊಂದು ಫೋನಿನಿಂದ ನೋಡಿಕೊಂಡೇ ಈ ಕೆಲಸಕ್ಕೆ ಇಳಿಯಿರಿ.

ದುರಸ್ತಿಗೆಂದು ಅಂತರ್ಗತ ಅಡ್ಮಿನಿಸ್ಟ್ರೇಟರನ್ನು ‘ನೆಟ್ ಯೂಸರ್ ಅಡ್ಮಿನಿಸ್ಟ್ರೇಟರ್ /ಆ್ಯಕ್ಟಿವ್:ಯೆಸ್’ ಎಂದು ಎಬ್ಬಿಸಿದ್ದರೆ ಅದರಲ್ಲಿ ಬ್ರೌಸ್ ಮಾಡಬೇಡಿ. ಅಲ್ಲಿ ಯಾವುದಕ್ಕೂ ಅನುಮತಿ ಕೇಳುವುದಿಲ್ಲ, ಬಂದ ಮಾಲ್‌ವೇರ್ ನೇರ ಒಳಗೆ. ಕೆಲಸವಾದ ಮೇಲೆ ಬರೀ ‘ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್’ ಕೊಟ್ಟು ಇನ್ನೊಂದು ಹೆಸರೂ ಇದೆಯೆಂದು ನೋಡಿ, ಆ ಖಾತೆಗೆ ಒಮ್ಮೆ ಲಾಗಿನ್ ಆಗಿ ಪರೀಕ್ಷಿಸಿ, ಆಮೇಲೆ ‘ಯೆಸ್’ ಇದ್ದಲ್ಲಿ ‘ನೋ’ ಹಾಕಿ ಮಲಗಿಸಿ.

ಡೌನ್‌ಲೋಡ್ ಮಾತ್ರ ಕಾಣದಿದ್ದರೆ

ಇದು ಸುಲಭದ್ದು. ಬ್ರೌಸರಿನಲ್ಲಿ ಕಂಟ್ರೋಲ್, ಜೆ ಒತ್ತಿ, ಫೈಲಿನ ಪಕ್ಕದ ‘ಶೋ ಇನ್ ಫೋಲ್ಡರ್’ ಒತ್ತಿದರೆ ಅದು ನಿಜವಾಗಿ ಇರುವ ಜಾಗವೇ ತೆರೆಯುತ್ತದೆ. ಡೆಸ್ಕ್‌ಟಾಪಿಗೆ ಉಳಿಸಿದ್ದು ಕಾಣದಿದ್ದರೆ ನಿಮ್ಮ ಹೆಸರಿನ ಫೋಲ್ಡರಿನೊಳಗಿನ ಒನ್‌ಡ್ರೈವ್ ಫೋಲ್ಡರಿನಲ್ಲಿ ಇನ್ನೊಂದು ಡೆಸ್ಕ್‌ಟಾಪ್ ಇದೆಯೇ ನೋಡಿ. ಒನ್‌ಡ್ರೈವ್ ಬ್ಯಾಕಪ್ ಆನ್ ಆದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಅಲ್ಲಿಗೆ ಸರಿಯುತ್ತವೆ. ಹೆಸರಿನ ಕೊನೆಗೆ ‘.ಸಿಆರ್‌ಡೌನ್‌ಲೋಡ್’ ಅಥವಾ ‘.ಪಾರ್ಟ್’ ಇದ್ದರೆ ಅದು ಅರ್ಧಕ್ಕೆ ನಿಂತ ಫೈಲ್, ಹೆಸರು ಬದಲಿಸಿದರೆ ತೆರೆಯುವುದಿಲ್ಲ. ವಿಂಡೋಸ್ ಅಪ್‌ಗ್ರೇಡ್ ಆದ ಮೇಲೆ ಕಾಣೆಯಾದದ್ದಾದರೆ ಸಿ ಡ್ರೈವ್‌ನ ‘ವಿಂಡೋಸ್.ಓಲ್ಡ್’ ಒಳಗಿನ ಯೂಸರ್ಸ್ ಫೋಲ್ಡರ್ ಜಾಲಾಡಿ. ಸಾಮಾನ್ಯವಾಗಿ 10 ದಿನಗಳ ಬಳಿಕ ವಿಂಡೋಸ್ ಅದನ್ನು ತಾನೇ ಅಳಿಸಿಬಿಡುತ್ತದೆ.